ಖಂಡೇಪೂಜೆಗೆ ಹೋದ ಕೀಲು

ಮಹಾನವಮಿಯ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮವ್ವ ನನ್ನ ಕಾರನ್ನು ಹಿಂದೆ ಹಾಕಿ ಮುಂದೆ ಹೋದಳು. ಕಾರು ನಡೆಸುತ್ತಿದ್ದವನು ನಾನು. ಅವ್ವನಿಗೆ ಯಾವ ವಾಹನವೂ ನಡೆಸಲು ಬರುವುದಿಲ್ಲ. ಓದಿದವರ ತಪ್ಪಿಗೆ ಓದದವರು ಸವಾರಿ ಹೋಗಬೇಕಾಗುತ್ತದೆಂದು ಅಂದಿನಿಂದ ನಂಬಿದ್ದೇನೆ.

ಸ್ವಾತಂತ್ರ್ಯ ಬಂದ ಮರುವರ್ಷ ಹಳೆಯ ಕಾರೊಂದನ್ನು ಕೊಂಡಿದ್ದೆ. ಬೆಟಗೇರಿಯ ನಮ್ಮ ಮಗ್ಗದ ಸೀರೆಗಳನ್ನು ಮುಂಡರಗಿ, ಶಿರಹಟ್ಟಿಯ ಸಂತೆಗೆ ಒಯ್ಯಲು ಅದರ ಹಿಂದೆ ಎರಡು ಗಾಲಿಯ ಗಾಡಿ ಕಟ್ಟಬೇಕಿತ್ತು. ಕಮ್ಮಾರ ಮೌನೇಶಪ್ಪ ಕಾರಿನಡಿ ನುಸುಳಿ, "ಕೊಂಡಿ ಬಂಪರಿಗೆ ಬ್ಯಾಡ್ರಿ, ಅದು ತಗಡು. ಕೆಳಗಿನ ದಪ್ಪ ಕಬ್ಬಿಣಕ್ಕ ಕೂಡಸೂಣು" ಎಂದ. ಒಪ್ಪಿದೆ. ಕೊಂಡಿಗೂ ಗಾಡಿಗೂ ನಡುವೆ ಒಂದು ಕಬ್ಬಿಣದ ಕೀಲು. "ಮ್ಯಾಲೊಂದು ಸರಪಳಿ ಇರ್ಲಿರಿ. ಕೀಲು ಕೈ ಕೊಟ್ರ ಅದು ಹಿಡೀತೈತಿ" ಎಂದ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ನಾನು, "ಸರಪಳಿ ಎಮ್ಮಿಗೆ ಹಾಕಪಾ" ಎಂದೆ.

ಪೆಟ್ರೋಲಿನ ವಾಸನೆ ಆಗದ ಅವ್ವ ಗಾಡಿಯಲ್ಲೇ ಹಾಸಿಗೆ ಹಾಸಿ ಕೂಡುತ್ತಿದ್ದಳು. ಅಂದು ಲಕ್ಕುಂಡಿಯ ಅವಳ ತಂಗಿಯ ಮನೆಗೆ ಹೊರಟರೆ ಕೀಲೇ ಇಲ್ಲ. ಖಂಡೇಪೂಜೆಯೆಂದು ಅವ್ವ ಅದನ್ನು ಲಾಳಿ, ಕತ್ತರಿ, ಕುಡಗೋಲುಗಳ ನಡುವೆ ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದಳು. "ನಾಳಿ ಬನ್ನಿ ಮುಡಿಯೂತನಕ ಮುಟ್ಟಬ್ಯಾಡ" ಎಂದಳು. ನಾನು ಜಾಲಿಯ ಗೂಟ ಕೆತ್ತಿ ಸಿಕ್ಕಿಸಿದೆ.

ಇಳಿಜಾರಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಬ್ರೇಕ್ ಒತ್ತಿದೆ, ಗೂಟ ಮುರಿಯಿತು. ಗಾಡಿ ಕಾರಿನ ಬೆನ್ನಿಗೊಮ್ಮೆ ಗುದ್ದಿ ಎಡಕ್ಕೆ ಹೊರಳಿ ಓಡಿತು. ಸೆರಗು ಹೊದ್ದ ಅವ್ವ ನೆಟ್ಟಗೆ ಕುಳಿತು ನನ್ನ ಪಕ್ಕದಿಂದಲೇ ಹಾದುಹೋದಳು. ಮುಂದೆ ಕಟ್ಟೆಯಿಲ್ಲದ ಬಾವಿ. ಗಾಲಿಗಳು ಎರೆಮಣ್ಣಿನಲ್ಲಿ ಹೂತು ಗಾಡಿ ನಿಂತಾಗ ಬಾವಿ ಇನ್ನೆರಡೇ ಮಾರು.

ಓಡಿಹೋದೆ. "ಯಾಕೋ, ನೀ ಹಿಂದ ಉಳದಿ?" ಎಂದಳು. ನಾನು ಗಾಲಿಯಡಿ ಕಲ್ಲು ಇಡುತ್ತಿದ್ದರೆ ಮತ್ತೆಂದಳು, "ಕನ್ನಡ ನಾಡು ಒಂದಾಗಬೇಕಂತ ಲಕ್ಷ್ಮೇಶ್ವರಕ್ಕ ಹೋಗಿ ಭಾಷಣ ಮಾಡ್ತಿ. ಮೊದಲ ಈ ಗಾಡಿ ಕೂಡಸಲೇ."

ಆಮೇಲೆ ದಿನವೂ ಆ ಬಾವಿ ಕನಸಿಗೆ ಬರತೊಡಗಿತು. ನಾನು ಒದರುತ್ತಿದ್ದೆ, ಮನೆಮಂದಿಯೆಲ್ಲ ಏಳುತ್ತಿದ್ದರು. ಸರಪಳಿ ಕೇಳಲು ಹೋದರೆ ಮೌನೇಶಪ್ಪ, "ಎಮ್ಮಿ ಎಷ್ಟು ಹಾಲು ಕೊಡತೈತ್ರಿ?" ಎಂದ. ಆದರೆ ಆನೆ ಕಟ್ಟುವಂಥ ಸರಪಳಿಯನ್ನೇ ಹಾಕಿಕೊಟ್ಟ.

ದೀಪಾವಳಿ ಪಾಡ್ಯದಂದು ಅವ್ವ ತಾನೇ ಹಾಸಿಗೆ ತಂದು ಗಾಡಿ ಹತ್ತಿದಳು. ಕೀಲು, ಸರಪಳಿ ಎರಡನ್ನೂ ಹಾಕಿ ಲಕ್ಕುಂಡಿಗೆ ಹೋಗಿ ಬಂದೆವು. ಅಂದು ರಾತ್ರಿ ಮನೆಮಂದಿಯೆಲ್ಲ ಬೆಳಗಾಗುವತನಕ ಮಲಗಿದೆವು. ಕಮ್ಮಾರನ ಗಟ್ಟಿ ಕೆಲಸವೆಂದರೆ ಇದು ಎಂದುಕೊಳ್ಳುತ್ತ ಎದ್ದೆ. ದಿಂಬಿನ ಕೆಳಗೆ ಏನೋ ಒತ್ತಿತು. ನೋಡಿದರೆ, ಕೀಲು.

"ಅಂಜಿದ ಕೂಸಿಗೆ ತಲಿದೆಸಿ ಕಬ್ಬಿಣ ಇಡತಾರ" ಎಂದಳು ಅವ್ವ.

ರಾತ್ರಿಯೆಲ್ಲ ಗಾಡಿಗೆ ಕೀಲಿರಲಿಲ್ಲ. ಅದು ಗೊತ್ತಿದ್ದರೆ ನನಗೆ ನಿದ್ದೆ ಬರುತ್ತಿತ್ತೇ?