ಬಸ್ ಸ್ಟಾಪಿಗೊಂದು ಬಾಗಿಲು

ಬಸ್ ತಂಗುದಾಣಕ್ಕೆ ಸರ್ಕಾರದವರು ಬಾಗಿಲು ಯಾಕಿಟ್ಟರು, ಹೇಳಿ ನೋಡೋಣ. ಅಲ್ಲಿರುವುದು ಹಿಂದೊಂದೇ ಗೋಡೆ. ಮಿಕ್ಕ ಮೂರು ಕಡೆ ಬಟಾಬಯಲು. ಕಳ್ಳರ ಭಯವೇ? ಬೆಂಚು ಸಿಮೆಂಟಿನದು. ಗಾಳಿಗೇ? ಗಾಳಿಗೆ ಎರಡು ಪಕ್ಕವೂ ತೆರೆದಿದೆ. ಊಹಿಸೋಕೆ ಆಗಲ್ಲ ಬಿಡಿ, ಕೇಳಿ.

ಆ ಬೆಂಚಿನ ಮೇಲೆ ಹತ್ತೊಂಬತ್ತರ ಹುಡುಗಿಯೊಬ್ಬಳು ಮಲಗುತ್ತಿದ್ದಳು. ಎದುರಿನ ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚುವವಳು. ಟೈಲರ್ ಅವಳನ್ನು ಸೂಜಿ ಎನ್ನುತ್ತಿದ್ದ. ದುಡಿಮೆ ಇತ್ತು, ಬಾಡಿಗೆ ಕಟ್ಟುವ ತಾಕತ್ತೂ ಇತ್ತು. ಇಲ್ಲದ್ದು ಊರಿಗೆ ಒಗ್ಗುವ ಹೆಸರು. ಅವಳು ಹೊಸ್ತಿಲಲ್ಲಿ ನಿಂತಾಗ ಖಾಲಿಯಿದ್ದ ಕೋಣೆಗಳು ಹೆಸರು ಹೇಳಿದೊಡನೆ ಭರ್ತಿಯಾಗುತ್ತಿದ್ದವು. ಈಚೀಚೆಗೆ ಅವಳಿಗೆ ರೆಪ್ಪೆಗೆ ರೆಪ್ಪೆ ಹತ್ತುತ್ತಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಚೀಲ ಹಿಡಿದು ಎದ್ದು ನಿಲ್ಲುತ್ತಿದ್ದಳು, ಹಗಲು ದಾರ ಪೋಣಿಸುತ್ತಲೇ ತೂಕಡಿಸುತ್ತಿದ್ದಳು.

"ಮೂರು ಅಂಗಿಗೆ ಗುಂಡಿ ತಲೆಕೆಳಗಾಗಿ ಹಚ್ಚಿದ್ದೀಯ. ಯಾರ ಹತ್ರನಾದ್ರೂ ಮಾತಾಡು ತಾಯಿ," ಎಂದು ಟೈಲರ್ ಅವಳನ್ನು ಸರ್ಕಾರದ ಮನಶ್ಶಾಂತಿ ಇಲಾಖೆಗೆ ಅಟ್ಟಿದ.

ಅಲ್ಲಿ ಅವಳಿಗೆ ರಾಜೋಪಚಾರ. ಸೂರಿಲ್ಲದ ಯುವಜನರಲ್ಲಿ ಒಬ್ಬರನ್ನಾದರೂ ಅಂದೇ ಸಂಜೆ ನಡೆಯಲಿದ್ದ ಇಲಾಖೆಯ ಸಮಾರಂಭದೊಳಗೆ ಸಮಾಧಾನಪಡಿಸತಕ್ಕದ್ದೆಂದು ಮೇಲಿನವರ ಅಪ್ಪಣೆಯಾಗಿತ್ತು. ಆದರೆ ನಿಯಮದ ಪ್ರಕಾರ ಆಪ್ತಸಲಹೆಗೆ ಮೊದಲು ಗೃಹಭೇಟಿ ಕಡ್ಡಾಯ.

"ಮನೆ ಎಲ್ಲಿ?" ಎಂದರು ಸಲಹೆಗಾರ್ತಿ ಮೇಡಂ.

"ಮನೆ ಇಲ್ಲ ಮೇಡಂ, ಅದಕ್ಕೇ ಬಂದಿದ್ದು."

"ಅದು ಗೊತ್ತು ಕಣಮ್ಮ. ಇಲ್ಲದ ಮನೆ ಎಲ್ಲಿದೆ ಅಂತ ಕೇಳಿದ್ದು."

ಸೂಜಿ ಕರೆದೊಯ್ದು ತೋರಿಸಿದಳು. ಮೇಡಂ ತಂಗುದಾಣದ ಮುಂದೆ ನಿಂತವರು ನಿಂತೇ ಇದ್ದರು. ಗೃಹಭೇಟಿಯೆಂದರೆ ಬಾಗಿಲು ತಟ್ಟಿ, ಒಪ್ಪಿಗೆ ಪಡೆದು ಒಳಹೋಗುವುದು. ತಟ್ಟದೆ ನುಗ್ಗಿದರೆ ಫಲಾನುಭವಿಯ ಘನತೆಗೆ ಧಕ್ಕೆ. ಒಂದು ಕುರ್ಚಿಗೆ ಮೂರು ವರ್ಷ ಕಾಯಿಸುವ ಇಲಾಖೆ, ಊಟದ ಹೊತ್ತಿಗೆಲ್ಲ ಬಡಗಿಯನ್ನು ಕರೆಸಿ ಚೌಕಟ್ಟು, ಬಾಗಿಲು, ಚಿಲಕ ಸಮೇತ ನಿಲ್ಲಿಸಿಬಿಟ್ಟಿತು.

ಮೇಡಂ ತಟ್ಟಿದರು. ಸೂಜಿ ತೆರೆದಳು. ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಸರಿದು ಜಾಗ ಕೊಟ್ಟರು.

"ಏನಮ್ಮ ಕಷ್ಟ?"

"ನಿದ್ದೆ ಬರಲ್ಲ ಮೇಡಂ. ಬಂದ್ರೆ ಯಾರಾದ್ರೂ ಎಬ್ಬಿಸಿ ಕಳಿಸಿಬಿಡ್ತಾರೆ ಅಂತ…"

ಅಷ್ಟರಲ್ಲಿ ಮನೆ ಮಾಲೀಕರ ಸಂಘದ ಕಾರ್ಯದರ್ಶಿ ಬಂದರು. ಬಾಗಿಲುಳ್ಳದ್ದು ಮನೆ, ಮನೆಗೆ ಸಂಘದ ಕಟ್ಟಳೆ. ಹೆಸರು ಕೇಳಿದರು. ಹೇಳಿದಳು. ಅವರ ಮುಖ ಸಣ್ಣದಾಯಿತು.

"ನನ್ನದೇನೂ ಇಲ್ಲಮ್ಮ. ನಾನು ಎಲ್ಲರನ್ನೂ ಒಂದೇ ಥರ ನೋಡೋನು. ಅಕ್ಕಪಕ್ಕದವರು ಒಪ್ಪಬೇಕಲ್ಲ."

ಅಕ್ಕಪಕ್ಕದಲ್ಲಿ ಒಂದು ಕಸದ ತೊಟ್ಟಿ, ಒಂದು ದೀಪದ ಕಂಬ. ಎರಡೂ ಒಪ್ಪಿಗೆ ಸೂಚಿಸಲಿಲ್ಲ.

ಮೇಡಂ ನಿಯಮ ಬಿಡಿಸಿ ಹೇಳಿದರು: ಮನೆಯೊಳಗಿರುವವಳು ಸೂರಿಲ್ಲದವಳಲ್ಲ, ಆದ್ದರಿಂದ ಸಲಹೆಯಿಲ್ಲ. ಖಾಲಿ ಮಾಡಿದರೆ ಸಲಹೆಯುಂಟು, ಆದರೆ ಗೃಹಭೇಟಿ ಮೊದಲಿಂದ ಆಗಬೇಕು.

"ಹಾಗಾದ್ರೆ ಇವತ್ತು ಎಲ್ಲಿ ಮಲಗ್ಲಿ?"

"ಇಂಥದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೋಬಾರದು," ಎಂದರು ಮೇಡಂ. ಹೀಗೆ ಸಲಹೆಯೂ ಆದಂತಾಯಿತು.

ಸೂಜಿ ಚೀಲ ಹೆಗಲಿಗೇರಿಸಿ ಬಾಗಿಲಿನಿಂದಲೇ ಹೊರಬಂದಳು. ಪಕ್ಕದಿಂದ ಬರಬಹುದಿತ್ತು, ಆದರೆ ದೊಡ್ಡವರು ನೋಡುತ್ತಿದ್ದರು.

ಸಂಜೆ ವೇದಿಕೆಯಿಂದ ಪ್ರಕಟಣೆ ಹೊರಬಿತ್ತು: "ಸದರಿ ತಂಗುದಾಣದಲ್ಲಿ ಸೂರಿಲ್ಲದ ಯುವಜನರು ಈಗ ಯಾರೂ ಇರುವುದಿಲ್ಲ." ಚಪ್ಪಾಳೆಯೋ ಚಪ್ಪಾಳೆ. ಬಾಗಿಲಿಗೆ 'ಬಾಡಿಗೆಗಿದೆ' ಎಂಬ ಹಲಗೆ ತೂಗಿತು. ಬಸ್ಸಿಗೆ ಕಾಯುವ ಜನ ಈಗ ತಟ್ಟುತ್ತಾರೆ, ಯಾರೂ ಓಗೊಡದಿದ್ದರೆ ಮರ್ಯಾದೆಯಿಂದ ಬಿಸಿಲಲ್ಲೇ ನಿಲ್ಲುತ್ತಾರೆ. ಸೂಜಿ ಮುಂದಿನ ಸ್ಟಾಪಿನಲ್ಲಿದ್ದಾಳೆ; ಅಲ್ಲಿನ್ನೂ ಬಾಗಿಲಿಲ್ಲ. ನಿದ್ದೆಯೂ ಇಲ್ಲ. ಬಡಗಿ ಕಂಡರೆ ಸಾಕು, ಬೆಂಚು ಬಿಟ್ಟೇಳುತ್ತಾಳೆ.

ಇಷ್ಟೂ ಒಂದೇ ದಿನದಲ್ಲಿ ನಡೆದುಹೋಯಿತು. ಯಾವತ್ತು ಅಂತೀರಿ? ಅಕ್ಟೋಬರ್ ಹತ್ತು, ಶುಕ್ರವಾರ, ಮಾನಸಿಕ ಆರೋಗ್ಯ ದಿನ.