ಸೋಲಲು ಹೊರಟ ಗುಮಾಸ್ತ

ಆ ಕಚೇರಿಯಲ್ಲಿ ರಜೆ ಬೇಕಾದವರು ಮೊದಲು ಮ್ಯಾನೇಜರರ ಎದುರು ಚೆಸ್ ಆಡಿ ಸೋಲಬೇಕಿತ್ತು. ಹಾಗೆಂದು ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರರಿಗೆ ಸದಾ ಬಿಳಿ ಕಾಯಿ, ಸದಾ ಗೆಲುವು.

ಗುಮಾಸ್ತನಿಗೆ ಮಗಳು ಹುಟ್ಟಿದ್ದಳು. ಹೆಂಡತಿ ತವರಿನಲ್ಲಿದ್ದಳು, ಮಗುವಿನ ಮುಖವನ್ನು ಅವನಿನ್ನೂ ನೋಡಿರಲಿಲ್ಲ. ಊಟದ ವೇಳೆಗೆ ಕಪ್ಪು ಕಾಯಿಗಳ ಹಿಂದೆ ಕೂತವನು, ಬೇಗ ಸೋತು ಸಂಜೆಯ ಬಸ್ಸು ಹಿಡಿಯಬೇಕೆಂದು ನಿಶ್ಚಯಿಸಿದ.

ಹಲಗೆಯ ನಡುವನ್ನು ಪೂರಾ ಬಿಟ್ಟುಕೊಟ್ಟ. ಒಂಟೆಯನ್ನು ಬೈಸಿಕೊಂಡ ಮಗುವಿನ ಹಾಗೆ ಮೂಲೆಯಲ್ಲಿ ನಿಲ್ಲಿಸಿದ. ಮ್ಯಾನೇಜರರ ಸಿಪಾಯಿಗಳು ಎದೆಯುಬ್ಬಿಸಿ ನಡುವಿಗೆ ನುಗ್ಗಿದವು.

"ಏನ್ರೀ, ಜಾಗ ಎಲ್ಲಾ ನಮಗೇ ಬಿಟ್ಬಿಟ್ರಲ್ಲ!" ಎಂದು ಮ್ಯಾನೇಜರ್ ನಕ್ಕರು.

"ದೊಡ್ಡವರು ನೀವು, ಸಾರ್," ಎಂದ ಗುಮಾಸ್ತ.

ಹಿಂದೆ ನಿಂತಿದ್ದ ಕ್ಯಾಷಿಯರ್ ಮಾತ್ರ ಹುಬ್ಬು ಗಂಟಿಕ್ಕಿದ. ಅವನು ಚೆಸ್ ಪುಸ್ತಕಗಳನ್ನು ಓದಿದವನು, ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದವನು.

ಗುಮಾಸ್ತ ಒಂದು ಸಿಪಾಯಿಯನ್ನು ಬಲಿಗೆಂದೇ ಮುಂದೆ ತಳ್ಳಿದ. ಮ್ಯಾನೇಜರ್ ಗಬಕ್ಕನೆ ಹೊಡೆದರು. ಮೂಲೆಯ ಒಂಟೆಗೆ ಎದುರು ಮೂಲೆಯ ಆನೆಯವರೆಗೂ ದಾರಿ ಬಯಲಾಯಿತು. ಗಾಬರಿಯಿಂದ ಗುಮಾಸ್ತ ಬೇರೆ ಕಾಯಿಗೆ ಕೈ ಚಾಚಿದರೆ, ಬೆರಳು ಒಂಟೆಗೇ ತಗುಲಬೇಕೆ!

"ಮುಟ್ಟಿದ ಕಾಯಿ ನಡೆಸ್ಲೇಬೇಕು!" ಕ್ಯಾಷಿಯರ್ ಕೂಗಿದ. "ಆನೆ ಹೊಡೀರಿ! ಹೈಪರ್‌ಮಾಡರ್ನ್ ಡಿಫೆನ್ಸ್ ಕಣ್ರೀ ಇದು! ನಡುವನ್ನ ಬಿಟ್ಟುಕೊಟ್ಟು ದೂರದಿಂದ ಉರುಳಿಸೋದು!"

ಊಟದ ಡಬ್ಬಿ ಮುಚ್ಚದೆ ಇಡೀ ಕಚೇರಿ ಮೇಜಿನ ಸುತ್ತ ನೆರೆಯಿತು. ಅಷ್ಟು ಜನರ ಮುಂದೆ ಕುರುಡನಾಗುವುದು ಹೇಗೆ? ಗುಮಾಸ್ತ ಆನೆಯನ್ನು ಹೊಡೆದ. ಬಿಳಿಯ ಪಡೆ ಹಸಿಗೋಡೆಯಂತೆ ಕುಸಿಯುತ್ತ ಹೋಯಿತು. ಆ ಚೆಂದಕ್ಕೆ ಅವನಿಗೇ ಮೈ ಜುಮ್ಮೆಂದಿತು. ಮೂಲೆಯಲ್ಲಿ ಕೂತ ಒಂದು ಕಾಯಿ ಇಡೀ ಹಲಗೆಯನ್ನು ಆಳಬಲ್ಲದೆ! ಮಗಳ ನೆನಪಾಗುವಷ್ಟರಲ್ಲಿ ಬಿಳಿಯ ರಾಜನಿಗೆ ಓಡಲು ಒಂದು ಮನೆಯೂ ಉಳಿದಿರಲಿಲ್ಲ.

ಮ್ಯಾನೇಜರ್ ಎದ್ದು ನಿಂತು ಕೈಮುಗಿದರು.

"ಗುರುಗಳೇ! ಇಂಥಾ ವಿದ್ಯೆ ಬಚ್ಚಿಟ್ಕೊಂಡಿದ್ರಾ? ನಿಮ್ಮನ್ನ ಒಂದೇ ಒಂದ್ಸಲ ಗೆಲ್ಲೋವರೆಗೂ ನಾನು ಬಿಡಲ್ಲ. ರಜೆ ಗಿಜೆ ಎಲ್ಲಾ ಆಮೇಲೆ!"

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಒಂದು ಸಲ ತಾನೇ? ಹಲಗೆ ತಿರುಗಿಸಿ ಬಿಳಿ ಕಾಯಿ ಹಿಡಿದವನು, ನಾಲ್ಕನೆಯ ನಡೆಗೇ ತನ್ನ ಮಂತ್ರಿಯನ್ನು ಒಯ್ದು ಮ್ಯಾನೇಜರರ ಸಿಪಾಯಿಯ ಬಾಯಿಗಿಟ್ಟ.

ಮ್ಯಾನೇಜರ್ ಕೈ ಚಾಚಿದರು. ತಕ್ಷಣ ಹಿಂದಕ್ಕೆಳೆದುಕೊಂಡರು. "ಇಂಥವರು ಮಂತ್ರೀನ ಸುಮ್ನೆ ಕೊಡ್ತಾರಾ? ಇದರಲ್ಲೇನೋ ಇದೆ."

"ಏನೂ ಇಲ್ಲ ಸಾರ್, ಹೊಡೀರಿ!" ಗುಮಾಸ್ತ ಅಂಗಲಾಚಿದ.

"ನೋಡಿ, ಬಾಯಿಬಿಟ್ಟು ಬೇರೆ ಕರೀತಿದಾರೆ!" ಎಂದು ಕ್ಯಾಷಿಯರ್ ಪಿಸುಗುಟ್ಟಿದ. "ಹುಷಾರು ಸಾರ್."

ಮ್ಯಾನೇಜರ್ ಬಹಳ ಹೊತ್ತು ಹಲಗೆಯನ್ನೇ ನೋಡಿದರು. ಹಣೆಯ ಬೆವರೊರೆಸಿಕೊಂಡರು. ಆಮೇಲೆ ಭಯಭಕ್ತಿಯಿಂದ ತಮ್ಮ ರಾಜನನ್ನು ಹಲಗೆಯ ಮೇಲೆ ಮಲಗಿಸಿದರು.

"ಶರಣಾದೆ, ಗುರುಗಳೇ. ನಾಳೆ ಮತ್ತೆ ಕೂರೋಣ."