ಓಕೆ ಒತ್ತದ ನಮ್ಮತ್ತೆ

ಇಡೀ ತಿಪಟೂರಿನಲ್ಲಿ ಕಂಪ್ಯೂಟರಿನ ಜೊತೆ ಮಾತು ಬಿಟ್ಟವರು ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ ಒಬ್ಬರೇ. ಅದೂ ಒಂದು ದಿನವಲ್ಲ, ಮೂರು ದಿನ! ತಪ್ಪು ಯಾರದು ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅತ್ತೆ ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಲಿಯಲು ಬಂದವರೆಲ್ಲ ಕಂಪ್ಯೂಟರ್ ಇಲ್ಲವಾ ಅಂತ ಕೇಳತೊಡಗಿದ್ದರಿಂದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದರು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅದರ ಪಕ್ಕ ಕೂರಿಸಿದರು. ನನಗೆ ಕಂಪ್ಯೂಟರ್ ಬರುತ್ತದೆ ಅಂತ ಅವರು ನಂಬಿದ್ದರು. ನಾನೂ ನಂಬಿದ್ದೆ.

ಮೊದಲ ವಾರವೇ ಪರದೆಯ ಮೇಲೆ ಬೂದುಬಣ್ಣದ ಚೌಕವೊಂದು ಮೂಡಿತು. ಇಂಥ ವಿಳಾಸದಲ್ಲಿರುವ ಆದೇಶ ಇಂಥ ವಿಳಾಸದ ಮೆಮೊರಿಯನ್ನು ಕೇಳಿತು, ಅದನ್ನು ಓದಲಾಗಲಿಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ವಿಳಾಸ ಅಂದರೆ ಬೀದಿ, ಊರು ಏನಿಲ್ಲ. ಒಂದು ಎಕ್ಸ್, ಅದರ ಹಿಂದೆ ಸೊನ್ನೆಗಳ ಸಾಲು. ಅತ್ತೆ ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸಾದವರು. ಒಂದೊಂದು ಪದವೂ ಅವರಿಗೆ ಗೊತ್ತು. ಎಲ್ಲ ಸೇರಿ ಏನು ಹೇಳುತ್ತವೆ ಅನ್ನುವುದು ಮಾತ್ರ ಗೊತ್ತಾಗಲಿಲ್ಲ. ಓದಲು ಆಗದೇ ಇದ್ದದ್ದು ತಮಗೋ ಅದಕ್ಕೋ ಅಂತ ನನ್ನನ್ನು ಕೇಳಿದರು. ನಾನು ಪರದೆಯ ಧೂಳು ಒರೆಸಿದೆ. ಇನ್ನೇನು ಮಾಡಲಿ?

ಟೈಪ್‌ರೈಟರ್ ರಿಪೇರಿಗೆ ಬರುತ್ತಿದ್ದ ಸಾಬರೇ ಈಗ ಕಂಪ್ಯೂಟರಿಗೂ ಬರುತ್ತಿದ್ದರು. ಆ ಸೊನ್ನೆಗಳನ್ನೆಲ್ಲ ಅತ್ತೆ ಒಂದೂ ಬಿಡದೆ ಬರೆದಿಟ್ಟು ಅವರ ಮುಂದೆ ಹಿಡಿದರು. ಸಾಬರು ಹಾಳೆಯನ್ನು ನೆಟ್ಟಗೆ ನೋಡಿದರು, ತಿರುಗಿಸಿ ನೋಡಿದರು. ಇದೇನೋ ತಮಗೂ ಗೊತ್ತಿಲ್ಲ, ಆಫ್ ಮಾಡಿ ಆನ್ ಮಾಡುವುದಷ್ಟೇ ಗೊತ್ತು ಅಂದರು. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವವರು ಈಗ ಎಲ್ಲಿ ಸಿಗುತ್ತಾರೆ ಅಂತ ಅತ್ತೆ ಅವರಿಗೆ ಎರಡನೇ ಲೋಟ ಕಾಫಿ ಕೊಟ್ಟರು.

ಇನ್ನೊಂದು ದಿನ, ಮೆಮೊರಿ ಸಾಲದು, ಬೇರೆ ಪ್ರೋಗ್ರಾಮು ನಿಲ್ಲಿಸಿ ಅಂತ ಬಂತು. ಅತ್ತೆ ಎದ್ದು ಹೋಗಿ ರೇಡಿಯೋ ಆರಿಸಿದರು! ರೈತರ ಕಾರ್ಯಕ್ರಮದಲ್ಲಿ ಯಾರೋ ತೆಂಗಿನ ನುಸಿ ರೋಗದ ಬಗ್ಗೆ ಹೇಳುತ್ತಿದ್ದರು, ಪಾಪ, ಅರ್ಧಕ್ಕೇ ನಿಂತರು. ನಾನು ನಗು ತಡೆದುಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಸರಿಹೋಯಿತು. ಅಂದಿನಿಂದ ಕಂಪ್ಯೂಟರ್ ಆನ್ ಆದರೆ ರೇಡಿಯೋ ಬಂದ್. ತಿದ್ದೋಣವೆಂದರೆ, ಅದು ಯಾಕೆ ಸರಿಹೋಯಿತೋ ನನಗೂ ಗೊತ್ತಿರಲಿಲ್ಲವಲ್ಲ.

ಮಾತು ಬಿಟ್ಟದ್ದು ಓಕೆ ವಿಷಯಕ್ಕೆ. ಒಂದು ಸೋಮವಾರ ಏನೋ ಎಡವಟ್ಟಾಗಿದೆ ಅಂತ ಬರೆದು, ಕೆಳಗೆ ಓಕೆ ಅನ್ನುವ ಒಂದೇ ಗುಂಡಿ ಕೊಟ್ಟಿತ್ತು. ಅತ್ತೆ ಒತ್ತಲಿಲ್ಲ. ನಾನು ಕೈ ಚಾಚಿದರೆ ಮಣಿಕಟ್ಟು ಹಿಡಿದುಕೊಂಡರು.

"ಏನಾಗೈತೆ ಅಂತ ಹೇಳದೆ ಸರಿ ಅನ್ನು ಅಂದ್ರೆ ನಾನು ಅನ್ನಲ್ಲ ಕಣೇ."

ಅದು ಕಂಪ್ಯೂಟರ್, ಅತ್ತೆ, ಅದಕ್ಕೇನು ಗೊತ್ತಾಗುತ್ತದೆ ಅಂದೆ. ಬರೆದವರು ಮನುಷ್ಯರೇ ತಾನೆ ಅಂದರು. ಗುಂಡಿ ಕಾಯುತ್ತಲೇ ಇತ್ತು. ನಮ್ಮ ಗ್ರಹಚಾರಕ್ಕೆ ಎರಡು ದಿನ ಕರೆಂಟೂ ಹೋಗಲಿಲ್ಲ. ಬುಧವಾರ ಸಂಜೆ ಅಂತೂ ಹೋಗಿ ರಾಜಿ ಮಾಡಿಸಿತು.

ಇದಾಗಿ ಕೆಲವು ದಿನಕ್ಕೆ ಹುಳಿಯಾರು ಕಡೆಯ ಹಟ್ಟಿಯ ಹೆಂಗಸೊಬ್ಬಳು ಬಂದಳು. ಕುರಿ ಸಾಕುವವರು. ಗಂಡನನ್ನು ತಿಪಟೂರಿನ ಆಸ್ಪತ್ರೆಗೆ ಸೇರಿಸಿದ್ದಳು. ಎರಡು ಗಂಟೆಗೆ ಹೊಟ್ಟೆಯ ಆಪರೇಷನ್. ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಇಂಗ್ಲಿಷಿನ ಒಪ್ಪಿಗೆ ಪತ್ರ, ಏನು ಬರೆದಿದೆ ಅಂತ ಓದಿಸಲು ತಂದಿದ್ದಳು. ಅವಳಿಗೆ ಓದು ಬರದು, ಗಂಡ ಕನ್ನಡ ಓದುತ್ತಾನೆ ಅಂದಳು. ಹಾಗಾದರೆ ಇಬ್ಬರೂ ತಿಳಿದುಕೊಳ್ಳಿ ಅಂತ ಅತ್ತೆ ಅದನ್ನು ಕನ್ನಡದಲ್ಲಿ ಟೈಪ್ ಮಾಡಲು ಕೂತರು. ಹನ್ನೊಂದು ಸಾಲಾಗಿತ್ತು. ಬಂತು ಚೌಕ. ಮೆಮೊರಿ ಸಾಲದು, ಉಳಿಸಲಾಗುವುದಿಲ್ಲ. ಓಕೆ.

ನಾನು ಗಡಿಯಾರ ನೋಡಿದೆ, ಒಂದೂಕಾಲು. ಅತ್ತೆ ಆ ಹೆಂಗಸಿನ ಮುಖ ನೋಡಿ ಓಕೆ ಒತ್ತಿದರು. ಹನ್ನೊಂದು ಸಾಲೂ ಹೋದವು. ಕನ್ನಡಕ ತೆಗೆದುಕೊಂಡು ಅವಳ ಜೊತೆ ಆಸ್ಪತ್ರೆಗೆ ನಡೆದರು. ನಾನು ಹಿಂದೆ.

ಮಂಚದ ಪಕ್ಕ ನಿಂತು ಅತ್ತೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ತಿಳಿಯಿತಾ ಅಂತ ಇಬ್ಬರನ್ನೂ ಕೇಳಿ ಮುಂದಿನ ಸಾಲಿಗೆ ಹೋಗುತ್ತಿದ್ದರು. ಪ್ರಾಣಾಪಾಯವೂ ಆಗಬಹುದು ಅನ್ನುವ ಸಾಲನ್ನೂ ಮುಚ್ಚಿಡಲಿಲ್ಲ. ಅಲ್ಲಿ ಗಂಡ ಹೆಂಡತಿ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದರು.

"ಹಾಕು ಬುಡು, ಬತ್ತೀನಿ," ಅಂದ ಅವನು. ಅವಳು ಹೆಬ್ಬೆಟ್ಟು ಒತ್ತಿದಳು.

ಆಪರೇಷನ್ ಚೆನ್ನಾಗಿ ಆಯಿತು ಅಂತ ಡಾಕ್ಟರು ಬಂದು ಹೇಳುವವರೆಗೂ ಅತ್ತೆ ಬೆಂಚು ಬಿಟ್ಟು ಏಳಲಿಲ್ಲ. ವಾಪಸು ಬರುವಾಗ, ನಾನೇನೂ ಕೇಳದೆಯೇ, ತಮ್ಮ ಗಂಡನ, ಅಂದರೆ ನಮ್ಮ ಮಾವನ ವಿಷಯ ತೆಗೆದರು. ನಾನು ಹುಟ್ಟುವ ಮೊದಲೇ ಹೋದವರು ಅವರು. ಅವರನ್ನು ಆಪರೇಷನ್ನಿಗೆ ಕರೆದೊಯ್ಯುವಾಗ ಅತ್ತೆಗೆ ಇಪ್ಪತ್ತೊಂದು ವರ್ಷ, ಇಂಗ್ಲಿಷ್ ಇನ್ನೂ ಬರುತ್ತಿರಲಿಲ್ಲ. ಇಂಥದ್ದೇ ಕಾಗದ ಕೊಟ್ಟು, ಇಲ್ಲಿ ಸೈನ್ ಹಾಕಮ್ಮ ಅಂದರಂತೆ. ಹಾಕಿದರಂತೆ. ಮಾವ ಹೊರಗೆ ಬರಲಿಲ್ಲ.

"ಅವತ್ತು ಯಾರಾದ್ರೂ ಓದಿ ಹೇಳಿದ್ರೂ ನಾನು ಸೈನ್ ಹಾಕ್ತಿದ್ದೆ ಕಣೇ," ಅಂದರು ಅತ್ತೆ. "ಆದ್ರೆ ಮೊದ್ಲು ಒಳಗೆ ಹೋಗಿ ಒಂದ್ಸಲ ಅವರನ್ನ ನೋಡ್ಕೊಂಡು ಬಂದು ಹಾಕ್ತಿದ್ದೆ."